ಹೊಲಿಗೆ ಕಾಣುವ ಪ್ರಾಣಿ: ಕಾದಂಬರಿಯೊಳಗೆ ವೊಲ್ಪರ್ಟಿಂಗರ್

ಪ್ರಶ್ನೆ: ಕೆಲಸದ ನಿಮಿತ್ತ ಮೂರು ವರ್ಷ ಮ್ಯೂನಿಕ್‌ನಲ್ಲಿದ್ದಾಗ, ಹಳೆಯ ಹೋಟೆಲೊಂದರ ಗೋಡೆಯ ಮೇಲೆ ಕೊಂಬು, ರೆಕ್ಕೆ, ಕೋರೆಹಲ್ಲುಗಳಿದ್ದ ಮೊಲವನ್ನು ಕಂಡೆ. ಅದರ ಹೆಸರು ವೊಲ್ಪರ್ಟಿಂಗರ್ ಎಂದರು. ಈಗ ಅದನ್ನಿಟ್ಟುಕೊಂಡು ಕನ್ನಡದಲ್ಲಿ ಕಾದಂಬರಿ ಬರೆಯುತ್ತಿದ್ದೇನೆ. ಕತೆ ನಡೆಯುವುದು 1633ರಲ್ಲಿ, ಬವೇರಿಯಾದ ಬೆಟ್ಟದ ಹಳ್ಳಿಯೊಂದರಲ್ಲಿ. ಊರವರು ತಲೆತಲಾಂತರದಿಂದ ಕಾಡಿನ ದೇವತೆಯೆಂದು ಅಂಜುತ್ತ ಬಂದ ವೊಲ್ಪರ್ಟಿಂಗರ್ ಒಂದನ್ನು ಹನ್ನೊಂದು ವರ್ಷದ ಹುಡುಗಿ ಚಳಿಗಾಲದಲ್ಲಿ ದನದ ಕೊಟ್ಟಿಗೆಯಲ್ಲಿ ಬಚ್ಚಿಟ್ಟು ಸಾಕುತ್ತಾಳೆ. ಓದಿದ ಗೆಳೆಯರು, ಗಂಭೀರವಾಗಿರಬೇಕಾದ ಕಡೆ ನಗು ಬರುತ್ತದೆ ಎನ್ನುತ್ತಿದ್ದಾರೆ. ಇದನ್ನು ಸರಿಪಡಿಸುವುದು ಹೇಗೆ? ಇಲ್ಲದ ಪ್ರಾಣಿಯ ನಡವಳಿಕೆಯನ್ನು ಎಲ್ಲಿಂದ ತರಲಿ? ಬೇರೆ ದೇಶದ ಜಾನಪದವನ್ನು ಬಳಸಲು ಯಾರದಾದರೂ ಅನುಮತಿ ಬೇಕೆ?

ಉತ್ತರ: ನಿಮ್ಮ ಗೆಳೆಯರ ನಗುವಿನಿಂದಲೇ ಆರಂಭಿಸುತ್ತೇನೆ. ಅದನ್ನು ನಿಮ್ಮ ಬರವಣಿಗೆಯ ದೋಷವೆಂದು ಎಣಿಸಬೇಡಿ. ವೊಲ್ಪರ್ಟಿಂಗರ್ ಹುಟ್ಟಿದ್ದೇ ನಗಿಸುವುದಕ್ಕಾಗಿ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಒಬ್ಬನನ್ನು ಬೇಸ್ತು ಬೀಳಿಸಿ ಉಳಿದವರು ನಗುವುದಕ್ಕಾಗಿ. ನಿಮ್ಮ ಕತೆಯ ಸಾರಾಂಶ ಓದಿದಾಗ ನನಗೆ ತೊಡಕು ಕಂಡದ್ದು ಇಲ್ಲಿಯೇ: ನಗೆಯಿಂದ ಹುಟ್ಟಿದ ಪ್ರಾಣಿಯ ಬೆನ್ನಿಗೆ ನೀವು ಭಯಭಕ್ತಿಯ ಹೊರೆ ಕಟ್ಟಿದ್ದೀರಿ, ಅದನ್ನು ಹೊರುವ ಶಕ್ತಿ ಆ ಬೆನ್ನಿಗಿಲ್ಲ.

ಮ್ಯೂನಿಕ್‌ನ ನೊಯ್‌ಹೌಸರ್ ಬೀದಿಯಲ್ಲಿ, ಹಿಂದೊಮ್ಮೆ ಅಗಸ್ಟೀನಿಯನ್ ಸನ್ಯಾಸಿಗಳ ಚರ್ಚ್ ಆಗಿದ್ದ ಕಟ್ಟಡದಲ್ಲಿ, ಬೇಟೆ ಮತ್ತು ಮೀನುಗಾರಿಕೆಯ ವಸ್ತುಸಂಗ್ರಹಾಲಯವಿದೆ. ಅದರ ಮುಂದೆ ಕಂಚಿನ ಕಾಡುಹಂದಿಯೊಂದು ಕೂತಿರುವುದನ್ನು ನೀವು ನೋಡಿಯೇ ಇರುತ್ತೀರಿ. ಅಲ್ಲಿ ಪ್ರದರ್ಶನಕ್ಕಿಟ್ಟ ವೊಲ್ಪರ್ಟಿಂಗರ್‌ಗಳನ್ನು ಸಾಲಾಗಿ ನೋಡಿದರೆ ಮೊದಲು ಮನಸ್ಸಿಗೆ ಬರುವ ಸಂಗತಿ, ಅವುಗಳಲ್ಲಿ ಯಾವ ಎರಡೂ ಒಂದೇ ತರಹ ಇಲ್ಲ ಎಂಬುದು. ಒಂದಕ್ಕೆ ಮೊಲದ ಮೈ, ಎಳೆಯ ರೋ ಜಿಂಕೆಯ ಕೊಂಬು, ಬಾತುಕೋಳಿಯ ರೆಕ್ಕೆ; ಇನ್ನೊಂದಕ್ಕೆ ಅಳಿಲಿನ ಬಾಲವೋ ಹಕ್ಕಿಯ ಕಾಲೋ ಇರುತ್ತದೆ. ಕಾರಣ ಸರಳ. ಇವು ಟ್ಯಾಕ್ಸಿಡರ್ಮಿ ಮಾಡುವವರ ಕೈಯಿಂದ, ಅಂದರೆ ಬೇಟೆಯ ಪ್ರಾಣಿಗಳ ಚರ್ಮ ಸುಲಿದು, ಹದಮಾಡಿ, ಒಳಗೆ ತುಂಬಿ, ಜೀವಂತವೆಂಬಂತೆ ನಿಲ್ಲಿಸುವ ಕಸುಬುದಾರರ ಕೈಯಿಂದ ಬಂದವು. ಆ ದಿನ ಅವರ ಮೇಜಿನ ಮೇಲೆ ಯಾವ ತುಂಡುಗಳು ಉಳಿದಿದ್ದವೋ ಅದೇ ಆ ಪ್ರಾಣಿಯ ವಂಶಾವಳಿ. ಇಂಥ ಜೋಡಣೆಯ ಪ್ರಾಣಿಗಳು ಬವೇರಿಯಾದಲ್ಲಿ ಕಾಣತೊಡಗಿದ್ದು 19ನೆಯ ಶತಮಾನದಲ್ಲಿ.

ಗೋಡೆಯ ಮೇಲಿನ ಈ ಪ್ರಾಣಿಗೆ ಜೊತೆಯಾಗಿ ಒಂದು ಕತೆ ಬೇಕಿತ್ತು, ಅದೂ ಹುಟ್ಟಿಕೊಂಡಿತು. ವೊಲ್ಪರ್ಟಿಂಗರ್ ಹಿಡಿಯಬೇಕಾದರೆ ಹುಣ್ಣಿಮೆಯ ರಾತ್ರಿಯೇ ಆಗಬೇಕು. ಕಾಡಂಚಿನಲ್ಲಿ ಗೋಣಿಚೀಲದ ಬಾಯಿ ತೆರೆದಿಟ್ಟು ಅದರ ಮುಂದೆ ಮೇಣದ ಬತ್ತಿ ಹಚ್ಚಿ ಕಾಯಬೇಕು. ಬೆಳಕಿಗೆ ಮರುಳಾಗಿ ಬಂದ ಪ್ರಾಣಿಯನ್ನು ಕೋಲಿನಿಂದಲೋ ಸಲಿಕೆಯಿಂದಲೋ ಚೀಲದೊಳಕ್ಕೆ ಅಟ್ಟಬೇಕು. ಇನ್ನೊಂದು ಪಾಠದ ಪ್ರಕಾರ ಚೆಲುವೆಯಾದ ತರುಣಿಯ ಕಣ್ಣಿಗೆ ಮಾತ್ರ ಅದು ಬೀಳುತ್ತದೆ, ಅದೂ ತಕ್ಕ ಗಂಡಸೊಬ್ಬ ಜೊತೆಗಿದ್ದರೆ ಮಾತ್ರ. ಈ ನಿಯಮವನ್ನು ಯಾವ ವಯಸ್ಸಿನವರು ಯಾವ ಉದ್ದೇಶಕ್ಕೆ ಕಟ್ಟಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಉಳಿದಂತೆ ನಡೆಯುವುದು ಇಷ್ಟು: ಊರಿಗೆ ಹೊಸದಾಗಿ ಬಂದವನು ಚೀಲ ಹಿಡಿದು ಚಳಿಯಲ್ಲಿ ಬೆಳಗಿನವರೆಗೆ ಕಾಯುತ್ತಾನೆ, ಕಳಿಸಿದವರು ಹೋಟೆಲಿನ ಬೆಚ್ಚನೆಯ ಮೇಜಿನ ಸುತ್ತ ಬಿಯರ್ ಕುಡಿಯುತ್ತ ನಗುತ್ತಾರೆ. ಫ್ರಾನ್ಸ್ ಮತ್ತು ಸ್ವಿಟ್ಜರ್‌ಲೆಂಡ್ ಕಡೆಯ ಆಲ್ಪ್ಸ್‌ನಲ್ಲಿ ಇದೇ ಬಗೆಯ ತಮಾಷೆ ದಾಹು ಎಂಬ ಪ್ರಾಣಿಯ ಹೆಸರಿನಲ್ಲಿದೆ. ಬೆಟ್ಟದ ಇಳಿಜಾರಿನಲ್ಲಿ ನಡೆದು ನಡೆದು ಅದರ ಒಂದು ಬದಿಯ ಕಾಲುಗಳು ಮೋಟಾಗಿವೆಯಂತೆ. ಎರಡೂ ಕಡೆ ಕಿವಿಯ ಮೇಲೆ ಹೂವಿಡಿಸಿಕೊಳ್ಳುವವನು ಹೊರಗಿನವನು. ಬವೇರಿಯಾದಲ್ಲಿ ಆ ಹೊರಗಿನವನಿಗೆ ಒಂದು ಹೆಸರೂ ಇದೆ: ಪ್ರೈಸ್, ಎಂದರೆ ಪ್ರಷ್ಯಾದವನು, ಉತ್ತರದ ಕಡೆಯವನು.

ಆದ್ದರಿಂದ ನಿಮ್ಮ 1633ನೆಯ ಇಸವಿಯ ಬಗ್ಗೆ ನನಗೆ ಆಕ್ಷೇಪವಿದೆ. ಆ ವರ್ಷವನ್ನು ನೀವು ಏಕೆ ಆರಿಸಿಕೊಂಡಿರಿ ಎಂಬುದು ಊಹೆಗೆ ಸಿಗುತ್ತದೆ. ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿತ್ತು; 1632ರಲ್ಲಿ ಸ್ವೀಡನ್ನಿನ ರಾಜ ಗುಸ್ತಾವಸ್ ಅಡಾಲ್ಫಸ್ ಮ್ಯೂನಿಕ್ ಹೊಕ್ಕಿದ್ದ; ಹಿಂದೆಯೇ ಪ್ಲೇಗ್ ಬಂತು; 1633ರಲ್ಲಿ ಓಬರಾಮರ್‌ಗೌ ಹಳ್ಳಿಯವರು ಪ್ಲೇಗಿನಿಂದ ಪಾರು ಮಾಡಿದರೆ ಕ್ರಿಸ್ತನ ಯಾತನೆಯ ನಾಟಕವಾಡುತ್ತೇವೆಂದು ಹರಕೆ ಹೊತ್ತು ಮರುವರ್ಷವೇ ಆಡಿದರು. ಕಾದಂಬರಿಕಾರರಿಗೆ ಇಂಥ ಕಾಲ ಹಬ್ಬದೂಟದಂತೆ ಕಾಣುವುದು ಸಹಜ. ಆದರೆ ಆ ಹಳ್ಳಿಗರು ನಿಜವಾಗಿ ಅಂಜುತ್ತಿದ್ದ ಸಂಗತಿಗಳ ಪಟ್ಟಿಯಲ್ಲಿ ವೊಲ್ಪರ್ಟಿಂಗರ್ ಇರಲಿಲ್ಲ. ಅಂತರ್ಜಾಲದಲ್ಲಿ ಹರಿದಾಡುವ, ಹಳೆಯ ಕಾಗದದ ಬಣ್ಣದ ಚಿತ್ರವೊಂದು ನಿಮ್ಮನ್ನು ದಾರಿ ತಪ್ಪಿಸಿರಬಹುದೆಂದು ನನ್ನ ಅನುಮಾನ. ಆಲ್ಬ್ರೆಖ್ಟ್ ಡ್ಯೂರರ್ 1502ರಲ್ಲಿ ಬಿಡಿಸಿದ, ಈಗ ವಿಯೆನ್ನಾದ ಆಲ್ಬರ್ಟೀನಾ ಸಂಗ್ರಹಾಲಯದಲ್ಲಿರುವ ಮೊಲದ ಚಿತ್ರಕ್ಕೆ ನಮ್ಮ ಕಾಲದವರು ಕೊಂಬು, ರೆಕ್ಕೆ ಅಂಟಿಸಿ ಮಾಡಿದ ಜೋಡಣೆ ಅದು. ಡ್ಯೂರರ್‌ನ ಮೊಲಕ್ಕೆ ಕೊಂಬಿಲ್ಲ. ಚಿತ್ರವೂ ಒಂದು ವೊಲ್ಪರ್ಟಿಂಗರ್ ಆಗಿಬಿಟ್ಟಿದೆ ಎನ್ನಬೇಕು.

ನಿಮಗೆ 1633ನ್ನು ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಒಂದು ದಾರಿ ಇದೆ. ಅದು ರೆಕ್ಕೆಯನ್ನೂ ಹೆಸರನ್ನೂ ಬಿಟ್ಟು ಬರೀ ಕೊಂಬಿನ ಮೊಲಕ್ಕೆ ಹಿಂದಿರುಗುವುದು. ಆ ಕಾಲದ ವಿದ್ವಾಂಸರು ಕೊಂಬುಳ್ಳ ಮೊಲ ಇದೆಯೆಂದೇ ತಿಳಿದಿದ್ದರು. ಫ್ಲಾಂಡರ್ಸ್‌ನ ಚಿತ್ರಕಾರ ಯೋರಿಸ್ ಹೂಫ್ನಾಗಲ್ 16ನೆಯ ಶತಮಾನದ ಉತ್ತರಾರ್ಧದಲ್ಲಿ ಮಾಡಿದ ನಾಲ್ಕು ಕಾಲಿನ ಪ್ರಾಣಿಗಳ ಚಿತ್ರಸಂಪುಟದಲ್ಲಿ ಅದು ಉಳಿದ ಮೊಲಗಳ ಜೊತೆ ಯಾವ ಬೆರಗೂ ಇಲ್ಲದೆ ಕೂತಿದೆ. 1789ರ ಫ್ರೆಂಚ್ ವಿಶ್ವಕೋಶದ ಚಿತ್ರಪುಟದವರೆಗೂ ಅದರ ಓಡಾಟ ನಿಂತಿರಲಿಲ್ಲ. ಮ್ಯೂನಿಕ್‌ನಲ್ಲಿ ಆಗ ಬವೇರಿಯಾದ ಡ್ಯೂಕರು ಕಟ್ಟಿಸಿದ ದೊಡ್ಡದೊಂದು ಅಪೂರ್ವವಸ್ತುಗಳ ಸಂಗ್ರಹವಿತ್ತು, 1632ರಲ್ಲಿ ಸ್ವೀಡನ್ನಿನ ಸೈನಿಕರು ಅದನ್ನು ದೋಚಿದರು. ಆ ಲೂಟಿಯ ಗಂಟಿನಿಂದ ಜಾರಿಬಿದ್ದ ಕೊಂಬಿನ ಮೊಲದ ಬುರುಡೆಯೊಂದು ಹಳ್ಳಿಯ ಹುಡುಗಿಯ ಕೈ ಸೇರಿತೆಂದು ನೀವು ಕಲ್ಪಿಸಿದರೆ ಇತಿಹಾಸಕ್ಕೆ ಅಪಚಾರವಾಗುವುದಿಲ್ಲ. ಆದರೆ ಅದು ಬೇರೆಯೇ ಕಾದಂಬರಿ; ಅದರಲ್ಲಿ ಸಾಕುಪ್ರಾಣಿಗೆ ಜಾಗವಿಲ್ಲ.

ಭಯವೇ ನಿಮಗೆ ಮುಖ್ಯವಾದರೆ ಆಲ್ಪ್ಸ್ ನಾಡಿನಲ್ಲಿ ಅದಕ್ಕೆ ತಕ್ಕ ಪ್ರಾಣಿ ಬೇರೆ ಇದೆ. ಬೆಕ್ಕಿನಂಥ ಮುಖ, ಹಾವಿನಂಥ ಮೈ, ಮುಂದೆ ಎರಡು ಮೋಟು ಕಾಲುಗಳಿರುವ ಟಾಟ್ಸೆಲ್‌ವುರ್ಮ್ ಅನ್ನು ಜನ ನಿಜವಾಗಿ ನಂಬಿದ್ದರು. ಜ್ಯೂರಿಕ್‌ನ ವಿದ್ವಾಂಸ ಯೋಹಾನ್ ಯಾಕೋಬ್ ಷಾಯ್ಕ್ಸರ್ 1723ರಲ್ಲಿ ಪ್ರಕಟಿಸಿದ ತನ್ನ ಆಲ್ಪ್ಸ್ ಪ್ರವಾಸದ ಗ್ರಂಥದಲ್ಲಿ ಸ್ವಿಟ್ಜರ್‌ಲೆಂಡಿನ ಡ್ರ್ಯಾಗನ್‌ಗಳನ್ನು ಕಂಡವರ ಹೇಳಿಕೆಗಳೊಂದಿಗೆ ಪ್ರಾಂತವಾರು ದಾಖಲಿಸಿದ್ದಾನೆ. ಸಾಲ್ಜ್‌ಬರ್ಗ್ ಸೀಮೆಯ ಉಂಕೆನ್ ಎಂಬಲ್ಲಿ 1779ರಲ್ಲಿ ಹಾನ್ಸ್ ಫುಕ್ಸ್ ಎಂಬವನು ಇಂಥ ಎರಡು ಪ್ರಾಣಿಗಳನ್ನು ಕಂಡು, ಓಡಿಬಂದು, ಮನೆಯವರಿಗೆ ಹೇಳಿ ಎದೆಯೊಡೆದು ಸತ್ತನೆಂದೂ, ನೆಂಟನೊಬ್ಬ ಅದರ ಚಿತ್ರ ಬರೆಸಿ ನೆನಪಿಗೆ ನಿಲ್ಲಿಸಿದನೆಂದೂ ಕತೆ ಇದೆ. ಇಂಥ ಪ್ರಾಣಿಯ ಮುಂದೆ ಓದುಗ ನಗುವುದಿಲ್ಲ, ಏಕೆಂದರೆ ಅದರ ಕತೆಯೊಳಗಿನವರೂ ನಕ್ಕಿರಲಿಲ್ಲ. ಆದರೂ ನಿಮ್ಮ ಪ್ರಶ್ನೆಯನ್ನು ಮತ್ತೆ ಓದಿದಾಗ, ನಿಮಗೆ ಬೇಕಾಗಿರುವುದು ಹೆದರಿಸುವ ಪ್ರಾಣಿಯಲ್ಲ, ಮಡಿಲಲ್ಲಿ ಹಿಡಿಯುವಷ್ಟು ಪುಟ್ಟದು ಎಂದೇ ಅನಿಸಿತು. ಹಾಗಿದ್ದರೆ ಪ್ರಾಣಿಯನ್ನು ಉಳಿಸಿಕೊಳ್ಳಿ, ಕಾಲವನ್ನು ಬದಲಾಯಿಸಿ.

ನನ್ನ ಸಲಹೆ ಷ್ಲಿಯರ್‌ಸೀ ಎಂಬ ಕೆರೆಯ ದಂಡೆ, 1877ರ ಚಳಿಗಾಲ. ಇದು ಗಾಳಿಯಲ್ಲಿ ಆರಿಸಿದ ಸ್ಥಳವಲ್ಲ. ಅಲ್ಲಿಗೆ ಮ್ಯೂನಿಕ್ ಕಡೆಯಿಂದ ರೈಲು ಬಂದದ್ದು 1869ರಲ್ಲಿ, ಎಂದರೆ ಬೇಸಗೆಯ ತಂಪಿಗೆ ಬರುವ ಪಟ್ಟಣಿಗರೂ, ಅವರಿಗೆ ಮಾರುವ ನೆನಪಿನ ಸಾಮಾನುಗಳೂ, ಅವರನ್ನು ಮಂಗಮಾಡುವ ಉತ್ಸಾಹವೂ ಒಟ್ಟಿಗೆ ಬಂದ ಕಾಲ ಅದು. 1871ರಲ್ಲಿ ಬವೇರಿಯಾ ಪ್ರಷ್ಯಾದ ನಾಯಕತ್ವದ ಜರ್ಮನ್ ಸಾಮ್ರಾಜ್ಯಕ್ಕೆ ಸೇರಿತ್ತು. ಉತ್ತರದವನ ಮೇಲಿನ ತಮಾಷೆಯ ಅಡಿಯಲ್ಲಿ ಒಂದಿಷ್ಟು ಕಹಿಯೂ ಇದ್ದಿರಬೇಕು. ಇದಕ್ಕಿಂತ ಮುಖ್ಯವಾದದ್ದು ಬೇಟೆ. 1848ರ ಕ್ರಾಂತಿಯವರೆಗೆ ಕಾಡಿನ ಮಿಗಗಳ ಮೇಲೆ ಹಕ್ಕಿದ್ದದ್ದು ಅರಸರಿಗೆ, ಪ್ರಭುಗಳಿಗೆ. ರೈತನ ಗದ್ದೆಯನ್ನು ಜಿಂಕೆ ಮೇಯ್ದರೂ ರೈತ ಜಿಂಕೆಯನ್ನು ಮುಟ್ಟುವಂತಿರಲಿಲ್ಲ. ಕಾನೂನು ಬದಲಾದ ಮೇಲೂ ಕಾಡಿಗೆ ಕಾವಲಿತ್ತು, ಕಳ್ಳಬೇಟೆಯವರು ಜನರ ಪಾಲಿಗೆ ವೀರರಾಗಿಯೇ ಉಳಿದರು. ಗೇಯೋರ್ಗ್ ಯೆನ್ನರ್‌ವೈನ್ ಎಂಬ ಹೆಸರಾಂತ ಕಳ್ಳಬೇಟೆಗಾರನನ್ನು ಷ್ಲಿಯರ್‌ಸೀ ಸುತ್ತಲಿನ ಬೆಟ್ಟದಲ್ಲಿ ಬೇಟೆ ಕಾವಲಿನವನೊಬ್ಬ ಹಿಂದಿನಿಂದ ಗುಂಡಿಟ್ಟು ಕೊಂದದ್ದು 1877ರ ನವೆಂಬರ್‌ನಲ್ಲಿ. ಅವನ ಮೇಲೆ ಕಟ್ಟಿದ ಹಾಡನ್ನು ಬವೇರಿಯಾದವರು ಈಗಲೂ ಹಾಡುತ್ತಾರೆ. ನಿಮ್ಮ ಹುಡುಗಿ ಆ ತಿಂಗಳು ಆ ಊರಿನಲ್ಲಿದ್ದರೆ, ಕಾಡಿನಿಂದ ಪ್ರಾಣಿಯೊಂದನ್ನು ಮನೆಗೆ ತಂದು ಬಚ್ಚಿಡುವುದು ಮಗುವಿನ ಆಟವಾಗಿ ಉಳಿಯದೆ ಅಪರಾಧವಾಗುತ್ತದೆ. ನಿಮಗೆ ಬೇಕಿದ್ದ ಗಾಂಭೀರ್ಯ ಪ್ರಾಣಿಯ ಮೈಯಿಂದ ಬರಬೇಕಾಗಿಲ್ಲ, ಕೊಟ್ಟಿಗೆಯ ಬಾಗಿಲು ಯಾರು ತಟ್ಟಬಹುದು ಎಂಬ ಆತಂಕದಿಂದ ಬರುತ್ತದೆ.

ಇನ್ನು ಮುಂದಿನ ನಿರ್ಧಾರ ನಿಮ್ಮದೇ, ಮೊದಲ ಪುಟ ಬರೆಯುವ ಮುನ್ನ ಆಗಬೇಕಾದದ್ದು: ನಿಮ್ಮ ಕತೆಯ ಲೋಕದಲ್ಲಿ ವೊಲ್ಪರ್ಟಿಂಗರ್ ನಿಜವೇ, ಸುಳ್ಳೇ? ಹೊಸಬರು ಇದನ್ನು ಮುಂದೂಡುತ್ತಾರೆ, ಬರೆಯುತ್ತ ಬರೆಯುತ್ತ ತಿಳಿದೀತು ಎಂದುಕೊಳ್ಳುತ್ತಾರೆ, ಕೊನೆಗೆ ಪ್ರಾಣಿ ಒಂದು ಅಧ್ಯಾಯದಲ್ಲಿ ಮಾಯಾಮೃಗವೂ ಇನ್ನೊಂದರಲ್ಲಿ ನಾಯಿಮರಿಯೂ ಆಗಿ ಕೂರುತ್ತದೆ. ನನ್ನನ್ನು ಕೇಳಿದರೆ ಎರಡನ್ನೂ ಇಟ್ಟುಕೊಳ್ಳಬೇಕು. ಹುಡುಗಿಯ ತಂದೆಯೋ ಅಜ್ಜನೋ ಟ್ಯಾಕ್ಸಿಡರ್ಮಿ ಕಸುಬಿನವನಾಗಿರಲಿ, ಪಟ್ಟಣಿಗರಿಗೆ ಮಾರಲು ಸುಳ್ಳು ವೊಲ್ಪರ್ಟಿಂಗರ್‌ಗಳನ್ನು ಹೊಲಿಯುತ್ತಿರಲಿ. ಅವಳು ನೂರಾರು ಹೊಲಿಗೆ ಕಂಡವಳು. ಕಾಡಿನಲ್ಲಿ ಸಿಕ್ಕ ಪ್ರಾಣಿಯನ್ನು ಕೈಗೆತ್ತಿಕೊಂಡಾಗ ಅವಳ ಬೆರಳು ತಾನಾಗಿಯೇ ರೆಕ್ಕೆಯ ಬುಡದಲ್ಲಿ, ಕಿವಿಯ ಹಿಂದೆ ದಾರವನ್ನು ಹುಡುಕುತ್ತದೆ, ಅದು ಸಿಗುವುದಿಲ್ಲ. ಆ ಒಂದು ಕ್ಷಣ ನಿಮ್ಮ ಕಾದಂಬರಿಯ ನಡುಗಂಬ. ಊರಿನಲ್ಲಿ ಈ ಪ್ರಾಣಿಯನ್ನು ನಂಬಲಾರದವಳು ಅವಳೊಬ್ಬಳೇ, ಅವಳಿಗೇ ಅದು ಸಿಕ್ಕಿದೆ.

ಹೊಲಿಗೆಯನ್ನು ಹುಡುಕುವ ಬೆರಳಿಗೆ ಇತಿಹಾಸದಲ್ಲಿ ಒಳ್ಳೆಯ ಸಾಕ್ಷಿಗಳಿವೆ. 1735ರಲ್ಲಿ ಜೀವಿಗಳ ವರ್ಗೀಕರಣಕ್ಕೆ ಹೆಸರಾದ ಸ್ವೀಡನ್ನಿನ ವಿಜ್ಞಾನಿ ಲಿನೀಯಸ್ ಇನ್ನೂ ತರುಣನಾಗಿದ್ದಾಗ ಹ್ಯಾಂಬರ್ಗ್‌ನಲ್ಲಿ ಹೈಡ್ರಾ ಎಂಬ ಏಳು ತಲೆಯ ಸರ್ಪವೊಂದನ್ನು ಪರೀಕ್ಷಿಸಿದ; ದೊಡ್ಡ ಬೆಲೆಗೆ ಮಾರಾಟಕ್ಕಿದ್ದ ಅದು ಮುಂಗುಸಿಯನ್ನು ಹೋಲುವ ವೀಸಲ್ ಪ್ರಾಣಿಯ ದವಡೆಗಳಿಗೆ ಹಾವಿನ ಚರ್ಮ ಹೊಚ್ಚಿ ಮಾಡಿದ್ದೆಂದು ಬಯಲು ಮಾಡಿದ, ಮಾರುವವರ ಕೋಪಕ್ಕೆ ಅಂಜಿ ಊರು ಬಿಟ್ಟ. 1799ರಲ್ಲಿ ನಡೆದದ್ದು ಇದರ ತಿರುಗುಮುರುಗು. ಆಸ್ಟ್ರೇಲಿಯಾದಿಂದ ಲಂಡನ್ನಿಗೆ ಬಂದ ಒಣಗಿದ ಪ್ಲಾಟಿಪಸ್ ಚರ್ಮವನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದ ಜಾರ್ಜ್ ಷಾ, ನಾಲ್ಕು ಕಾಲಿನ ಪ್ರಾಣಿಯ ತಲೆಗೆ ಬಾತಿನ ಕೊಕ್ಕನ್ನು ಯಾರೋ ಜೋಡಿಸಿರಬೇಕೆಂದು ಶಂಕಿಸಿದ್ದನ್ನು ಮುಚ್ಚಿಡಲಿಲ್ಲ. ಒಬ್ಬನಿಗೆ ಹೊಲಿಗೆ ಸಿಕ್ಕಿತು, ಇನ್ನೊಬ್ಬನಿಗೆ ಸಿಗಲಿಲ್ಲ. ಇಬ್ಬರೂ ಹುಡುಕಿದ್ದು ಒಂದೇ ಬಗೆಯಲ್ಲಿ. ಈ ಎರಡು ಕತೆಗಳನ್ನು ಕಾದಂಬರಿಯೊಳಗೆ ತುರುಕಬೇಡಿ, ಬರೆಯುವಾಗ ನಿಮ್ಮ ಪಕ್ಕದಲ್ಲಿರಲಿ ಸಾಕು.

ಆದರೆ ಕಸುಬಿನ ವಿವರ ಮಾತ್ರ ಪುಟದ ಮೇಲೆ ಬರಲೇಬೇಕು, ಅದು ಸರಿಯಾಗಿಯೂ ಇರಬೇಕು. ಆ ಕಾಲದಲ್ಲಿ ಸುಲಿದ ಚರ್ಮದ ಒಳಬದಿಗೆ ಆರ್ಸೆನಿಕ್ ಬೆರೆಸಿದ ಸಾಬೂನು ಹಚ್ಚುತ್ತಿದ್ದರು. 18ನೆಯ ಶತಮಾನದಲ್ಲಿ ಫ್ರಾನ್ಸ್‌ನ ಮೆಟ್ಸ್ ಪಟ್ಟಣದ ಝಾನ್ ಬಾಪ್ಟಿಸ್ಟ್ ಬೆಕೂರ್ ಕಂಡುಹಿಡಿದ ಆ ಪಾಕ ಹುಳ ಬೀಳದಂತೆ ತಡೆಯುತ್ತಿತ್ತು, ಹಚ್ಚುವವರ ಕೈಯನ್ನೂ ನಿಧಾನವಾಗಿ ತಿನ್ನುತ್ತಿತ್ತು. ಒಳಗೆ ತಂತಿಯ ಹಂದರ, ಅದರ ಸುತ್ತ ಹುಲ್ಲು ಅಥವಾ ನಾರು, ಕಣ್ಣಿನ ಜಾಗಕ್ಕೆ ಗಾಜಿನ ಗುಂಡು. ಅಜ್ಜನ ಬೆರಳುಗಳ ಚರ್ಮ ಒರಟಾಗಿ ಸಿಪ್ಪೆಯೆದ್ದಿರುವುದನ್ನೂ, ಆ ಕೈಯಿಂದ ರೊಟ್ಟಿ ಮುರಿದುಕೊಡುವುದನ್ನು ಅಜ್ಜಿ ತಡೆಯುವುದನ್ನೂ ನೀವು ಒಂದು ಸಾಲಿನಲ್ಲಿ ತೋರಿಸಿದರೆ ಆ ಮನೆಯ ವಾಸನೆಯೇ ಓದುಗನಿಗೆ ಬಡಿಯುತ್ತದೆ. ಈ ಕಸುಬು ಕನ್ನಡ ಓದುಗರಿಗೆ ಪೂರ್ತಿ ಅಪರಿಚಿತವೂ ಅಲ್ಲ. ಮೈಸೂರಿನ ವಾನ್ ಇಂಗೆನ್ ಕಾರ್ಖಾನೆ 20ನೆಯ ಶತಮಾನದ ಬಹುಭಾಗ ಹುಲಿ, ಚಿರತೆಗಳನ್ನು ತುಂಬಿ ನಿಲ್ಲಿಸಿ ಜಗತ್ತಿಗೆಲ್ಲ ಕಳಿಸಿತ್ತು, ಮುಚ್ಚಿದ್ದು 1990ರ ದಶಕದ ಕೊನೆಗೆ. ಅಂಥ ಸಂಗ್ರಹ ಉಳಿದಿರುವ ಯಾವುದಾದರೂ ಹಳೆಯ ಮನೆಗೆ ಪ್ರವೇಶ ಸಿಕ್ಕರೆ ಒಂದು ಮಧ್ಯಾಹ್ನ ಹೋಗಿ ನೋಡಿ. ಗಾಜಿನ ಕಣ್ಣಿನ ಸುತ್ತ ಚರ್ಮ ಹೇಗೆ ಸೆಟೆದುಕೊಂಡಿರುತ್ತದೆ ಎಂಬುದು ಫೋಟೊದಲ್ಲಿ ಕಾಣುವುದಿಲ್ಲ. ಮುಟ್ಟಬೇಡಿ, ಆರ್ಸೆನಿಕ್ ಇನ್ನೂ ಇದ್ದೀತು.

ಈಗ ಜೀವಂತ ಪ್ರಾಣಿಯ ನಡವಳಿಕೆ. ಇಲ್ಲದ ಪ್ರಾಣಿಗೆ ನಡವಳಿಕೆಯನ್ನು ಹೊಸದಾಗಿ ಕಲ್ಪಿಸುವ ಅಗತ್ಯವೇ ಇಲ್ಲ. ಅದರ ಒಂದೊಂದು ತುಂಡೂ ಇರುವ ಪ್ರಾಣಿಯದೇ, ಆ ಪ್ರಾಣಿಗಳ ಸ್ವಭಾವ ಜೊತೆಗೇ ಬರುತ್ತದೆ. ಮೈ ಮೊಲದ್ದು ಎಂದಿರಿ. ಆಲ್ಪ್ಸ್ ತಪ್ಪಲಿನ ಕಾಡುಮೊಲ ನಾಲ್ಕು ಕಿಲೊ ಆಸುಪಾಸು ತೂಗುತ್ತದೆ, ಬಿಲ ತೋಡುವುದಿಲ್ಲ, ನೆಲದ ಮೇಲಿನ ತಗ್ಗಿನಲ್ಲಿ ಮೈ ಅಡಗಿಸಿ ಅಲುಗಾಡದೆ ಕೂರುತ್ತದೆ, ಹಗಲಿಗಿಂತ ಮುಸ್ಸಂಜೆ, ರಾತ್ರಿಗಳಲ್ಲಿ ಓಡಾಡುತ್ತದೆ, ಸಾಮಾನ್ಯವಾಗಿ ಮೂಕ, ಸಿಕ್ಕಿಬಿದ್ದಾಗ ಮಾತ್ರ ಮಗುವಿನಂತೆ ಚೀರುತ್ತದೆ. ಚೀರಿದರೆ ಕೊಟ್ಟಿಗೆಯ ಗುಟ್ಟು ರಟ್ಟಾಗುತ್ತದೆ ಎಂಬುದನ್ನು ನೀವು ಎಲ್ಲಿ ಬಳಸಬಹುದೆಂದು ಯೋಚಿಸಿ. ಕೊಟ್ಟಿಗೆಯ ಮುಚ್ಚಿದ ಕತ್ತಲು ಅದಕ್ಕೆ ಒಗ್ಗುವುದಿಲ್ಲ, ಮೊದಲ ರಾತ್ರಿಗಳಲ್ಲಿ ಅದು ಗೋಡೆಗೆ ಬಡಿದುಕೊಳ್ಳುತ್ತದೆ. ಮೊಲ ಮುದ್ದಿಗೆ ಸುಲಭವಾಗಿ ಒಲಿಯುವ ಪ್ರಾಣಿಯಲ್ಲ. ನಿಮ್ಮ ಸಾರಾಂಶದಲ್ಲಿ ಅದು ಮೂರನೆಯ ದಿನವೇ ಹುಡುಗಿಯ ತೊಡೆಯ ಮೇಲೆ ಮಲಗಿದೆ, ದಯವಿಟ್ಟು ಮೂರು ತಿಂಗಳು ಕೊಡಿ.

ಕೊಂಬಿನ ವಿಷಯದಲ್ಲಿ ನಿಮಗೊಂದು ನಿಧಿಯೇ ಇದೆ. ಕನ್ನಡದಲ್ಲಿ ನಾವು ಎಲ್ಲವನ್ನೂ ಕೊಂಬು ಎನ್ನುತ್ತೇವೆ, ಆದರೆ ಹಸು, ಮೇಕೆಗಳ ಕೊಂಬು ಜೀವಮಾನವಿಡೀ ಉಳಿಯುವಂಥದು. ಜಿಂಕೆಯ ಕವಲುಗೊಂಬು ಮೂಳೆ, ವರ್ಷಕ್ಕೊಮ್ಮೆ ಉದುರಿ ಮತ್ತೆ ಬೆಳೆಯುತ್ತದೆ. ವೊಲ್ಪರ್ಟಿಂಗರ್‌ಗೆ ಸಾಮಾನ್ಯವಾಗಿ ಕೂರಿಸುವುದು ರೋ ಜಿಂಕೆಯ ಕೊಂಬನ್ನು, ಅದೂ ಗಂಡಿನದು, ಏಕೆಂದರೆ ಹೆಣ್ಣಿಗೆ ಕೊಂಬಿಲ್ಲ. ಯೂರೋಪಿನ ಉಳಿದ ಜಿಂಕೆಗಳು ಬೇಸಗೆಯಲ್ಲಿ ಕೊಂಬು ಬೆಳೆಸಿದರೆ ರೋ ಜಿಂಕೆ ಮಾತ್ರ ಅಕ್ಟೋಬರ್, ನವೆಂಬರ್‌ನಲ್ಲಿ ಹಳೆಯದನ್ನು ಉದುರಿಸಿ, ಹಿಮ ಬೀಳುವ ತಿಂಗಳುಗಳಲ್ಲಿಯೇ ಹೊಸದನ್ನು ಬೆಳೆಸುತ್ತದೆ. ಬೆಳೆಯುವ ಕೊಂಬಿನ ಮೇಲೆ ಮಖಮಲ್ಲಿನಂಥ ತೊಗಲಿರುತ್ತದೆ, ಒಳಗೆ ರಕ್ತ ಓಡುತ್ತಿರುತ್ತದೆ, ಮುಟ್ಟಿದರೆ ಬೆಚ್ಚಗಿರುತ್ತದೆ. ವಸಂತದಲ್ಲಿ ಆ ತೊಗಲನ್ನು ಮರಕ್ಕೆ ಉಜ್ಜಿ ಕಿತ್ತುಹಾಕುತ್ತದೆ. ಇದನ್ನು ನಿಮ್ಮ 1877ರ ನವೆಂಬರ್ ಜೊತೆ ಸೇರಿಸಿ ನೋಡಿ. ಹುಡುಗಿಗೆ ಪ್ರಾಣಿ ಸಿಕ್ಕಾಗ ಅದಕ್ಕೆ ಕೊಂಬೇ ಇರುವುದಿಲ್ಲ, ಹಣೆಯ ಮೇಲೆ ಎರಡು ಗಾಯದ ಗುರುತುಗಳಿರುತ್ತವೆ ಅಷ್ಟೆ. ರೆಕ್ಕೆಯನ್ನು ಅವಳು ಮೊದಲು ಮೈಗೆ ಅಂಟಿಕೊಂಡ ಸತ್ತ ಹಕ್ಕಿಯೆಂದು ತಿಳಿಯಬಹುದು. ಕ್ರಿಸ್‌ಮಸ್ ಹೊತ್ತಿಗೆ ಹಣೆಯಲ್ಲಿ ಎರಡು ಬೆಚ್ಚನೆಯ ಮೊಳಕೆ, ಫೆಬ್ರವರಿಗೆ ಕವಲು, ಹಿಮ ಕರಗುವಾಗ ಅದು ಕೊಟ್ಟಿಗೆಯ ಕಂಬಕ್ಕೆ ಕೊಂಬು ಉಜ್ಜಿ ಕಂಬದ ಮೇಲೆ ರಕ್ತದ ಕಲೆ ಉಳಿಸುತ್ತದೆ. ಯಾವ ಮಂತ್ರತಂತ್ರವೂ ಇಲ್ಲದೆ, ಪ್ರಾಣಿಶಾಸ್ತ್ರವೇ ನಿಮ್ಮ ಅಧ್ಯಾಯಗಳನ್ನು ವಿಂಗಡಿಸಿಕೊಟ್ಟಿದೆ.

ರೆಕ್ಕೆಯ ಬಗ್ಗೆ ಚೌಕಾಶಿ ಮಾಡಬೇಕಾಗುತ್ತದೆ. ಬಾತುಕೋಳಿಯ ರೆಕ್ಕೆ ಒಂದು ಕಿಲೊ ಚಿಲ್ಲರೆ ತೂಕದ ಹಕ್ಕಿಗಾಗಿ ಆದದ್ದು, ನಾಲ್ಕು ಕಿಲೊ ಮೊಲವನ್ನು ಅದು ಎತ್ತಲಾರದು. ಹಾರಿಸಿದಿರೋ ಓದುಗ ಒಂದು ಕ್ಷಣ ಲೆಕ್ಕ ಹಾಕುತ್ತಾನೆ. ಜಿಗಿತವನ್ನು ಒಂದೆರಡು ಮಾರು ಉದ್ದ ಮಾಡುವುದಕ್ಕೆ, ಇಳಿಜಾರಿನಲ್ಲಿ ಮೈ ತೂಗಿಸಿಕೊಳ್ಳುವುದಕ್ಕೆ, ಹೆದರಿದಾಗ ಬಿಚ್ಚಿ ದೊಡ್ಡದಾಗಿ ಕಾಣುವುದಕ್ಕೆ ಆ ರೆಕ್ಕೆ ಸಾಕು. ಒಂದೇ ಒಂದು ಸಲ ಹಾರಬೇಕೆಂಬ ಹಟ ನಿಮಗಿದ್ದರೆ ಬಾತನ್ನು ಬಿಟ್ಟು, ಔವರ್‌ಹಾನ್ ಎಂದು ಅಲ್ಲಿನವರು ಕರೆಯುವ ಕಾಡುಕೋಳಿ ಜಾತಿಯ ದೊಡ್ಡ ಹಕ್ಕಿಯ ರೆಕ್ಕೆ ಕೊಡಿ. ಅದರ ಹುಂಜವೂ ನಾಲ್ಕು ಕಿಲೊ ತೂಗುತ್ತದೆ, ಕಾಡೆಲ್ಲ ಕೇಳುವಂತೆ ದಡದಡನೆ ಸದ್ದು ಮಾಡುತ್ತ ಹಾರಿಯೂ ಹಾರುತ್ತದೆ. ಕೋರೆಹಲ್ಲನ್ನು ಬಿಟ್ಟರೂ ನಷ್ಟವಿಲ್ಲ. ಮ್ಯೂಸಿಯಮ್ಮಿನಲ್ಲಿ ಅದು ತಮಾಷೆಯಾಗಿ ಕಾಣುತ್ತದೆ, ಹುಲ್ಲು ಮೇಯುವ ಬಾಯಲ್ಲಿ ಅಡ್ಡಿಯಾಗುತ್ತದೆ.

ಕೊಂಬಿನ ಮೊಲಕ್ಕೆ ವೈದ್ಯಕೀಯ ವಿವರಣೆ ಇದೆಯಲ್ಲ, ಅದನ್ನು ಕತೆಯ ಕೊನೆಗೆ ಬಿಚ್ಚಿಡಲೇ ಎಂಬ ಆಸೆ ನಿಮಗೆ ಎಂದಾದರೂ ಬರಬಹುದು. 1933ರಲ್ಲಿ ಅಮೆರಿಕದ ರಿಚರ್ಡ್ ಷೋಪ್, ಅಲ್ಲಿನ ಕಾಟನ್‌ಟೇಲ್ ಮೊಲಗಳ ತಲೆಯ ಮೇಲೆ, ಬಾಯಿಯ ಸುತ್ತ ಕೊಂಬಿನಂತೆ ಬೆಳೆಯುವ ಗಂಟುಗಳಿಗೆ ವೈರಸ್ ಕಾರಣವೆಂದು ತೋರಿಸಿದ. ಗಂಟು ಹೆಚ್ಚಾದರೆ ಮೊಲ ತಿನ್ನಲಾಗದೆ ಸಾಯುತ್ತದೆ. ಹಳೆಯ ಚಿತ್ರಗಳ ಹಿಂದೆ ಇಂಥ ಯಾವುದೋ ರೋಗ ಕಂಡವರ ನೆನಪು ಇದ್ದಿರಬಹುದೆಂಬ ಊಹೆ ಸಮಂಜಸವೇ. ಆದರೆ ಷೋಪ್ ಪರೀಕ್ಷಿಸಿದ ಮೊಲ ಅಮೆರಿಕದ್ದು, ಬವೇರಿಯಾದ ಬೇರೆ ಮೊಲಕ್ಕೆ ಅದನ್ನು ಹಾಗೆಯೇ ಅಂಟಿಸಲಾಗದು. ಅದಲ್ಲದೆ ರೆಕ್ಕೆಯುಳ್ಳ ಪ್ರಾಣಿಗೆ ವೈರಸ್ ಕಾರಣ ಕೊಟ್ಟರೆ ಅರ್ಧ ವಿವರಣೆಯಾಗುತ್ತದೆ, ಅರ್ಧ ವಿವರಣೆ ಕತೆಗೆ ವಿವರಣೆ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ನಿಮ್ಮ ಗೆಳೆಯರ ನಗುವಿಗೆ ಇನ್ನೊಂದು ಕಾರಣವಿದೆ, ಅದು ನಮ್ಮ ಕಡೆಯದು. ಜರ್ಮನ್ ಓದುಗನಿಗೆ ಕೊಂಬಿನ ಮೊಲ ಒಂದು ಹೋಟೆಲಿನ ಗೋಡೆಯನ್ನು ನೆನಪಿಸಿದರೆ, ನಮಗೆ ಅದು ತರ್ಕಶಾಸ್ತ್ರದ ಉದಾಹರಣೆ. ಶಶವಿಷಾಣ ಎಂದರೆ ಎಂದೂ ಇಲ್ಲದ್ದು, ಇರಲಾರದ್ದು. ಬಂಜೆಯ ಮಗ, ಆಕಾಶದ ಹೂವುಗಳ ಸಾಲಿನಲ್ಲಿ ಅದಕ್ಕೆ ಜಾಗ. ತಿರುಗಾಡುತ್ತ ಹೋದರೆ ಮೊಲದ ಕೊಂಬಾದರೂ ಎಂದಾದರೂ ಸಿಕ್ಕೀತು, ಮೂರ್ಖನ ಮನಸ್ಸನ್ನು ಒಲಿಸಲಾಗದು ಎಂದು ಭರ್ತೃಹರಿ ಹೇಳಿದ್ದು ಸಂಸ್ಕೃತ ಬಾರದ ಮನೆಗಳಲ್ಲೂ ಗಾದೆಯಂತೆ ಓಡಾಡಿದೆ. ಹಾಗಾಗಿ ನಿಮ್ಮ ಓದುಗ ಪ್ರಾಣಿಯನ್ನು ನೋಡುವ ಮೊದಲೇ ಅದು ಇಲ್ಲವೆಂದು ತೀರ್ಮಾನಿಸಿ ಕೂ‌ತಿರುತ್ತಾನೆ. ಇದನ್ನು ಅಡ್ಡಿಯೆಂದು ತಿಳಿಯಬೇಡಿ. ನಂಬಲಾರದ ಹುಡುಗಿಯ ಪಕ್ಕದಲ್ಲಿ ಅವಳಷ್ಟೇ ನಂಬಲಾರದ ಓದುಗ ನಿಮಗೆ ಪುಕ್ಕಟೆಯಾಗಿ ಸಿಕ್ಕಿದ್ದಾನೆ. ಆದರೆ ಶಶವಿಷಾಣ ಎಂಬ ಮಾತನ್ನು ಕತೆಯೊಳಗೆ ಒಮ್ಮೆಯೂ ಬಳಸಬೇಡಿ, ಷ್ಲಿಯರ್‌ಸೀಯ ಹುಡುಗಿಗೆ ಅದು ಗೊತ್ತಿಲ್ಲ. ಹುಣ್ಣಿಮೆಯ ಬೇಟೆಯ ದೃಶ್ಯದಲ್ಲಿಯೂ ಇದೇ ಎಚ್ಚರ ಬೇಕು: ಚಂದ್ರನಲ್ಲಿ ಮೊಲ ಕಾಣುವುದು ನಮ್ಮ ಕಣ್ಣಿಗೆ, ಅಲ್ಲಿನವರ ಕಣ್ಣಿಗೆ ಅಲ್ಲಿ ಕಾಣುವುದು ಒಬ್ಬ ಮನುಷ್ಯ. ಗಂಡಭೇರುಂಡ, ಶರಭಗಳ ಹೋಲಿಕೆಯೂ ಬೇಡ. ಅವು ಅರಮನೆ, ಗುಡಿಗಳ ಮಿಶ್ರಮೃಗಗಳು, ರಾಜಮುದ್ರೆಯ ಗತ್ತಿನವು. ಇದು ಹೆಂಡದ ಮೇಜಿನದು.

ಅನುಮತಿಯ ಪ್ರಶ್ನೆ ಚಿಕ್ಕದು. ಜಾನಪದ ಪ್ರಾಣಿಯ ಮೇಲೆ ಯಾರದೂ ಕೃತಿಸ್ವಾಮ್ಯವಿಲ್ಲ; ಕಲ್ಪನೆ, ವಸ್ತು, ಐತಿಹ್ಯಗಳಿಗೆ ಕೃತಿಸ್ವಾಮ್ಯ ಇಲ್ಲ, ಅವುಗಳನ್ನು ಒಬ್ಬ ಲೇಖಕ ಅಭಿವ್ಯಕ್ತಿಸಿದ ರೀತಿಗೆ ಮಾತ್ರ ಉಂಟು ಎಂದು ನಮ್ಮ ಸುಪ್ರೀಂ ಕೋರ್ಟ್ 1978ರಲ್ಲಿಯೇ ಸ್ಪಷ್ಟಪಡಿಸಿದೆ. ಆದರೆ ಇತ್ತೀಚಿನ ಜರ್ಮನ್ ಕಾದಂಬರಿಗಳು, ಕಂಪ್ಯೂಟರ್ ಆಟಗಳು ಈ ಹೆಸರಿಗೆ ತಮ್ಮದೇ ರೂಪ, ಶಕ್ತಿ, ಕುಲಚರಿತ್ರೆಗಳನ್ನು ಕೊಟ್ಟಿವೆ. ಆ ವಿವರಗಳು ಅವರವರದು. ಲೇಖಕ ತೀರಿಕೊಂಡ ಮೇಲೆ ಜರ್ಮನಿಯಲ್ಲಿ 70 ವರ್ಷ, ಭಾರತದಲ್ಲಿ 60 ವರ್ಷ ಆ ಹಕ್ಕು ಉಳಿಯುತ್ತದೆ. ಮ್ಯೂಸಿಯಂ ಮತ್ತು ಪ್ರಾಣಿಶಾಸ್ತ್ರದಿಂದ ಬಂದ ಪ್ರಾಣಿ ನಿಮ್ಮದು, ಆಟದಿಂದ ಬಂದದ್ದು ನಿಮ್ಮದಲ್ಲ ಎಂಬ ಸರಳ ಗೆರೆ ಹಾಕಿಕೊಂಡರೆ ಸಾಕು.

ಕೊನೆಯದಾಗಿ ಭಾಷೆ. ಹೆಸರನ್ನು ಕನ್ನಡಕ್ಕೆ ತರ್ಜುಮೆ ಮಾಡುವ ಗೋಜಿಗೆ ಹೋಗಬೇಡಿ, ಕೊಂಬುಮೊಲ ಎಂದೊಡನೆ ಅದು ಮಕ್ಕಳ ಪದ್ಯದ ಪ್ರಾಣಿಯಾಗುತ್ತದೆ. ಪಟ್ಟಣಿಗರ ಬಾಯಲ್ಲಿ ವೊಲ್ಪರ್ಟಿಂಗರ್ ಇರಲಿ. ಬವೇರಿಯಾದ ಹಳ್ಳಿಯ ಉಚ್ಚಾರಣೆಯಲ್ಲಿ ನಡುವಿನ ಲಕಾರ ಕರಗಿ ವೊಯ್‌ಪರ್ಟಿಂಗರ್ ಎಂಬಂತೆ ಕೇಳುತ್ತದೆ, ಅಜ್ಜನ ಬಾಯಲ್ಲಿ ಅದನ್ನೇ ಇಡಿ, ಊರವನಾರು, ಹೊರಗಿನವನಾರು ಎಂಬುದನ್ನು ಆ ಒಂದಕ್ಷರವೇ ಹೇಳುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಸರ್ವನಾಮ. ಜರ್ಮನ್ನಿನಲ್ಲಿ ಈ ಹೆಸರು ವ್ಯಾಕರಣದ ಪ್ರಕಾರವೇ ಪುಲ್ಲಿಂಗ, ಅಲ್ಲಿ ಅವನು ಎನ್ನುವುದರಲ್ಲಿ ವಿಶೇಷವೇನೂ ಇಲ್ಲ. ನಮ್ಮಲ್ಲಿ ಪ್ರಾಣಿ ಅದು. ನಿಮ್ಮ ಕರಡಿನಲ್ಲಿ ಎರಡನೆಯ ಪುಟದಿಂದಲೇ ಅವನು ಬಂದನು, ಅವನು ತಿಂದನು ಎಂದಿದೆ, ಬಹುಶಃ ಜರ್ಮನ್ ಕೇಳಿದ ಅಭ್ಯಾಸ. ಚಳಿಗಾಲವಿಡೀ ಅದು ಅದಾಗಿಯೇ ಇರಲಿ. ಕಾವಲಿನವನು ಕೊಟ್ಟಿಗೆಯ ಬಾಗಿಲಿಗೆ ಬಂದು ಒಳಗೇನಿದೆ ಎಂದು ಕೇಳಿದಾಗ, ಹುಡುಗಿ ಬಾಗಿಲಿಗೆ ಅಡ್ಡ ನಿಂತು, ಅವನು ಮಲಗಿದ್ದಾನೆ ಎಂದು ಬಾಯಿತಪ್ಪಿ ಹೇಳಲಿ.